ನಿರುತ್ಸಾಹದ ನೆಲೆ

ಕಛೇರಿಯ ಮುಖ್ಯಸ್ಥರನ್ನಾಗಲಿ, ಕಾರ್ಖಾನೆಯ ಮೇಸ್ತ್ರಿಯನ್ನಾಗಲಿ, ಬ್ಯಾಂಕು ಶಾಖೆಯ ಮೇನೇಜರನ್ನಾಗಲಿ ಕಂಡು ಅವರ ಕೈಕೆಳಗಿನವರ ವಿಷಯವಾಗಿ ಮಾತೆತ್ತಿದರೆ ಸ್ವಲ್ಪ ಹೊತ್ತಿನೊಳಗೆ ಕೇಳಿಬರುವ ದೂರು ಒಂದೇ: “ಕೆಲಸ ಬರುತ್ತದೆ, ಮನಸ್ಸಿಲ್ಲ.” ಹೀಗೆ ದೂರಿಗೆ ಗುರಿಯಾಗುವ ನೌಕರನು ಕಳ್ಳನಲ್ಲ, ಅಪ್ರಯೋಜಕನೂ ಅಲ್ಲ. ವೇಳೆಗೆ ಸರಿಯಾಗಿ ಬರುತ್ತಾನೆ, ಹಾಜರಿ ಹಾಕುತ್ತಾನೆ, ಹೇಳಿದುದನ್ನು ಹೇಳಿದಷ್ಟೇ ಮಾಡುತ್ತಾನೆ, ಹೇಳದೆ ಬಿಟ್ಟ ಕೆಲಸವು ಕಣ್ಣೆದುರಿಗೆ ಕೆಡುತ್ತಿದ್ದರೂ ಅದನ್ನು ಮುಟ್ಟುವುದಿಲ್ಲ, ಗಡಿಯಾರದ ಮುಳ್ಳು ಐದೂವರೆಗೆ ಬಂದೊಡನೆ ಮೇಜಿನ ಖಾನೆಗೆ ಬೀಗ ಹಾಕಿ ಹೊರಡುತ್ತಾನೆ. ಇಂತಹವನನ್ನು ಶಿಕ್ಷಿಸೋಣವೆಂದರೆ ಆತನು ಮುರಿದ ನಿಯಮ ಯಾವುದೂ ಇಲ್ಲ; ಮೆಚ್ಚೋಣವೆಂದರೆ ಕಾರಣವಿಲ್ಲ. ಆದುದರಿಂದಲೇ ಮೇಲಧಿಕಾರಿಗೆ ಈತನು ಒಂದು ಒಗಟಾಗಿ ಕಾಣುತ್ತಾನೆ.

ಆದರೆ ಈ ನೌಕರನನ್ನು ಸಂಜೆಯಾದ ಮೇಲೆ ಅವನ ಬಡಾವಣೆಯಲ್ಲಿ ನೋಡತಕ್ಕುದು. ಭಾದ್ರಪದ ಮಾಸವಾಗಿದ್ದರೆ ಗಣೇಶೋತ್ಸವದ ಚಂದಾಪುಸ್ತಕ ಅವನ ಕೈಯಲ್ಲಿರುತ್ತದೆ; ನವೆಂಬರ್ ತಿಂಗಳಾಗಿದ್ದರೆ ರಾಜ್ಯೋತ್ಸವದ ಪೆಂಡಾಲನ್ನು ಗೊತ್ತುಮಾಡುವವನು, ಹಾಡುವವರನ್ನು ಒಪ್ಪಿಸಿ ಕರೆತರುವವನು, ಮಳೆ ಬಂದರೆ ಏನು ಗತಿಯೆಂದು ಮುಂಚಿತವಾಗಿ ಯೋಚಿಸಿ ತಾಡಪತ್ರಿ ತರಿಸಿಡುವವನು ಅವನೇ. ಅಲ್ಲಿ ಸಂಬಳವಿಲ್ಲ, ಭತ್ಯವಿಲ್ಲ, ಬಡ್ತಿಯ ಆಸೆಯಿಲ್ಲ. ಆದರೂ ನಡುರಾತ್ರಿಯ ತನಕ ನಿಂತು ದುಡಿದು ಪೈಸೆ ಪೈಸೆಗೂ ಲೆಕ್ಕ ಒಪ್ಪಿಸುತ್ತಾನೆ. ಹಗಲಿನಲ್ಲಿ ಕಾಣದಿದ್ದ ದೂರದೃಷ್ಟಿಯೂ ಹೊಣೆಗಾರಿಕೆಯೂ ಇರುಳಿನಲ್ಲಿ ಎಲ್ಲಿಂದ ಬಂದವು? ಒಬ್ಬನೇ ಮನುಷ್ಯನಲ್ಲಿ ಒಂದೇ ದಿನ ಇಂತಹ ಎರಡು ನಡತೆಗಳು ಕಾಣುವುದಾದರೆ, ನಿರುತ್ಸಾಹವು ಆತನ ಹುಟ್ಟುಗುಣವೆಂಬ ಸಿದ್ಧಾಂತವನ್ನು ಕೈಬಿಡಬೇಕಾಗುತ್ತದೆ. ಅದರ ನೆಲೆಯನ್ನು ಆತನ ಸ್ವಭಾವದಲ್ಲಿ ಅರಸುವುದಕ್ಕೆ ಮುಂಚೆ ಆತನು ಹಗಲು ಕಳೆಯುವ ಕೆಲಸದ ಏರ್ಪಾಡಿನಲ್ಲಿ ಅರಸಬೇಕಾಗುತ್ತದೆ. ಉಡುಗಿದ ನೌಕರರಲ್ಲಿ ಮತ್ತೆ ಚೈತನ್ಯವನ್ನು ತರುವುದು ಹೇಗೆಂದು ಕೇಳುವ ಮೇಲಧಿಕಾರಿಗೆ ಹೇಳಬೇಕಾದುದು ಇಷ್ಟು: ಉತ್ಸಾಹವು ಬಾವಿಯ ಒರತೆಯಂತೆ ಒಳಗೇ ಇರತಕ್ಕ ವಸ್ತು, ಹೊರಗಿನಿಂದ ಕೊಡಗಟ್ಟಲೆ ಹೊತ್ತು ತಂದು ಸುರಿದರೆ ಅದು ಇಂಗಿಹೋಗುತ್ತದೆ, ಮೇಲಧಿಕಾರಿಯ ಪಾಲಿನ ಕೆಲಸ ಹೂಳೆತ್ತುವುದು, ಮತ್ತು ಆ ಹೂಳಿನ ಬಹುಭಾಗವು ಮೇಲಿನಿಂದಲೇ ಬಿದ್ದುದಾಗಿರುತ್ತದೆ.

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ವಿಚಾರಿಸಿದವರಲ್ಲಿ ಮೊದಲ ಸಾಲಿನವನೆಂದು ಎಣಿಸಲ್ಪಡುವ ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ವಿನ್‌ಸ್ಲೊ ಟೇಲರ್, ವೈಜ್ಞಾನಿಕ ವ್ಯವಸ್ಥಾಪನೆಯ ತತ್ವಗಳನ್ನು ಕುರಿತು 1911ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸೋಮಾರಿತನವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾನೆ. ಮೊದಲನೆಯದು ಮನುಷ್ಯಸಹಜವಾದ ಆಲಸ್ಯ. ಎರಡನೆಯದು, ಸಂಗಡಿಗರೊಡನೆ ಒಳಗೊಳಗೇ ಒಡಂಬಟ್ಟು, ಬೇಕೆಂದೇ ಕೈತಡೆದು ದುಡಿಯುವುದು. ಹೆಚ್ಚು ಹಾನಿಕರವಾದುದು ಈ ಎರಡನೆಯದೇ ಎಂದ ಟೇಲರನು ಅದರ ಕಾರಣವನ್ನೂ ಮರೆಮಾಚಲಿಲ್ಲ. ತುಂಡುಲೆಕ್ಕದ ಕೂಲಿಯ ಮೇಲೆ ದುಡಿಯುವವನೊಬ್ಬನು ಶ್ರಮಪಟ್ಟು ಹೆಚ್ಚಾಗಿ ಸಂಪಾದಿಸಿದೊಡನೆ ಧಣಿಯು ತುಂಡಿನ ದರವನ್ನೇ ಇಳಿಸುತ್ತಾನೆ. ಎರಡು ಮೂರು ಸಲ ಹೀಗಾದ ಮೇಲೆ, ಹೆಚ್ಚು ದುಡಿಯುವುದೆಂದರೆ ತನಗೂ ಪಕ್ಕದವನಿಗೂ ಕೇಡು ಬಗೆದುಕೊಳ್ಳುವುದೆಂಬ ಪಾಠವನ್ನು ಕೆಲಸಗಾರನು ಕಲಿಯುತ್ತಾನೆ. ಎಂದರೆ, ಸೋಮಾರಿತನವೆಂದು ಮೇಲಿನವರಿಗೆ ತೋರಿದುದು ಕೆಳಗಿನವರ ಅನುಭವಜನ್ಯವಾದ ವಿವೇಕವಾಗಿತ್ತು.

ಕಾರಣವನ್ನು ಇಷ್ಟು ನಿಷ್ಪಕ್ಷಪಾತವಾಗಿ ಕಂಡ ಟೇಲರನು ಪರಿಹಾರವನ್ನು ಹೇಳುವಾಗ ಮಾತ್ರ ಬೇರೆ ದಾರಿ ಹಿಡಿದ. ಆಲೋಚನೆಯೆಲ್ಲ ಮೇಲಿನ ಕಛೇರಿಗೆ ಸೇರತಕ್ಕದ್ದು, ಕೈಕೆಲಸ ಮಾತ್ರ ಕಾರ್ಮಿಕನದು. ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು, ಯಾವಾಗ ಕುಳಿತು ದಣಿವಾರಿಸಿಕೊಳ್ಳಬೇಕು ಎಂಬುದನ್ನೆಲ್ಲ ಗಡಿಯಾರ ಹಿಡಿದವನೊಬ್ಬನು ಹೇಳತಕ್ಕದ್ದು. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಹೀಗೆ ಮಾಡಿಸಿದುದರಿಂದ, ದಿನವೊಂದಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದ ಕೂಲಿಯವನು 47 ಟನ್ ಹೊರುವಂತಾಯಿತೆಂದೂ, ಅವನ ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತೆಂದೂ ಟೇಲರನು ಬರೆದಿದ್ದಾನೆ. ಹೊರೆ ಸುಮಾರು ನಾಲ್ಕು ಪಾಲು ಹೆಚ್ಚಿತು, ಕೂಲಿ ಎರಡು ಪಾಲೂ ಆಗಲಿಲ್ಲ ಎಂಬ ಲೆಕ್ಕವನ್ನು ಬದಿಗಿಟ್ಟರೂ, ಯೋಚಿಸುವ ಅಧಿಕಾರವನ್ನು ಕೆಲಸಗಾರನಿಂದ ಕಿತ್ತುಕೊಂಡುದು ದೂರಕಾಲದ ಪರಿಣಾಮಗಳುಳ್ಳ ಕಾರ್ಯವಾಯಿತು. ಇಂದು ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ಬರೆದುಕೊಟ್ಟ ಮಾತನ್ನಷ್ಟೇ ಆಡುತ್ತ, ಒಂದೊಂದು ಕರೆಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಅಳೆಯಿಸಿಕೊಳ್ಳುತ್ತ ಕುಳಿತಿರುವ ಹುಡುಗಿಯ ಪಾಡಿಗೂ ಆ ಕಬ್ಬಿಣ ಹೊತ್ತವನ ಪಾಡಿಗೂ ತತ್ವತಃ ಭೇದವಿಲ್ಲ. ಮನಸ್ಸನ್ನು ಬಾಗಿಲಲ್ಲಿ ಬಿಟ್ಟು ಬಾ ಎಂದು ಹೇಳಿದವರೇ ಒಳಗೆ ಬಂದವಳಿಗೆ ಮನಸ್ಸಿಲ್ಲವೆಂದು ದೂರುವುದು ನ್ಯಾಯವೆನಿಸದು.

ಟೇಲರನ ತರುವಾಯ, ಷಿಕಾಗೋ ನಗರದ ಹತ್ತಿರ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರ ತನಕ ನಡೆದ ಪ್ರಯೋಗಗಳು ಪ್ರಸಿದ್ಧವಾಗಿವೆ. ಬೆಳಕು ಹೆಚ್ಚಿಸಿದರೂ ಕುಗ್ಗಿಸಿದರೂ ಉತ್ಪತ್ತಿ ಏರಿತು, ಏಕೆಂದರೆ ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆಂಬ ಭಾವನೆಯೇ ಕೆಲಸಗಾರರನ್ನು ಹುರಿದುಂಬಿಸಿತು ಎಂಬ ಕಥೆಯನ್ನು ವ್ಯವಸ್ಥಾಪನಶಾಸ್ತ್ರದ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ಆ ಕಥೆಯನ್ನು ಮುಂದಿನ ವಿದ್ವಾಂಸರು ಬಹಳವಾಗಿ ಶಂಕಿಸಿದ್ದಾರೆ. ಪ್ರಕೃತಕ್ಕೆ ಹೆಚ್ಚು ಉಪಯುಕ್ತವಾದುದು ಅದೇ ಕಾರ್ಖಾನೆಯಲ್ಲಿ 1931–32ರಲ್ಲಿ ಟೆಲಿಫೋನಿನ ತಂತಿ ಜೋಡಿಸುವ 14 ಮಂದಿಯನ್ನು ಒಂದು ಕೋಣೆಯಲ್ಲಿ ಕೂರಿಸಿ ಮಾಡಿದ ಪರಿಶೀಲನೆ. ಹೆಚ್ಚು ಮಾಡಿದರೆ ಹೆಚ್ಚು ಹಣ ಬರುವ ಏರ್ಪಾಡು ಅಲ್ಲಿತ್ತು. ಆದರೂ ದಿನಕ್ಕೆ ಇಷ್ಟೇ ಕೆಲಸವೆಂದು ಅವರು ತಮ್ಮೊಳಗೆ ಮೇರೆ ಹಾಕಿಕೊಂಡಿದ್ದರು. ಮೇರೆ ಮೀರಿದವನ ತೋಳಿಗೆ ಪಕ್ಕದವನು ಒಂದು ಗುದ್ದು ಕೊಡುತ್ತಿದ್ದ. ಹೆಚ್ಚು ದುಡಿದರೆ ದರ ಇಳಿದೀತು, ಇಲ್ಲವೆ ನಮ್ಮಲ್ಲೇ ಕೆಲವರ ನೌಕರಿ ಹೋದೀತು ಎಂಬ ಭಯ ಅವರದಾಗಿತ್ತು. ಟೇಲರನು ಹೇಳಿದ್ದ ಕಾರಣವೇ ಹೀಗೆ ಮತ್ತೆ ಎದುರಾಯಿತು. ಮೇಲಿನವರಲ್ಲಿ ನಂಬಿಕೆಯಿಲ್ಲದೆಡೆ ಬಹುಮಾನವು ಕೂಡ ಬಲೆಯಂತೆ ಕಾಣುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಕೆಲಸದ ಏರ್ಪಾಡನ್ನು ಬದಲಿಸಿದರೆ ಕೆಲಸಗಾರನು ಬದಲಾಗುತ್ತಾನೆಯೇ ಎಂಬ ಪ್ರಶ್ನೆಗೆ ಅತ್ಯಂತ ಮನನೀಯವಾದ ಉತ್ತರವು ದೊರೆತುದು ನಮ್ಮ ದೇಶದಲ್ಲಿಯೇ. ಅಹಮದಾಬಾದಿನಲ್ಲಿ ಸಾರಾಭಾಯಿ ಮನೆತನದವರ ಕ್ಯಾಲಿಕೊ ಸಂಸ್ಥೆಯು 1952ರಲ್ಲಿ ತನ್ನ ಗಿರಣಿಯೊಂದರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಹಾಕಿಸಿತು. ಯಂತ್ರ ಹೊಸದು, ನಿರೀಕ್ಷೆ ದೊಡ್ಡದು. ಆದರೆ ಬಟ್ಟೆ ಎಣಿಸಿದಷ್ಟು ಇಳಿಯಲಿಲ್ಲ, ಇಳಿದುದರಲ್ಲಿ ದೋಷ ಕಡಿಮೆಯಾಗಲಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಎಂಬ ವಿದ್ವಾಂಸನು 1953ರಲ್ಲಿ ಬಂದು ನೋಡಿದಾಗ, 224 ಮಗ್ಗಗಳ ಒಂದು ಶೆಡ್ಡಿನಲ್ಲಿ 29 ಮಂದಿ ದುಡಿಯುತ್ತಿದ್ದರು. ಈ 29 ಮಂದಿಯೂ ಹನ್ನೆರಡು ಬಗೆಯ ಕೆಲಸಗಳಾಗಿ ಒಡೆದುಹೋಗಿದ್ದರು. ನೇಯುವವನ ಪಾಲಿಗೆ 24 ಇಲ್ಲವೆ 32 ಮಗ್ಗ. ಬ್ಯಾಟರಿಯೆಂದು ಕರೆಯುವ ಮಗ್ಗದ ನೂಲುಗೂಡಿಗೆ ನೂಲು ತುಂಬುವವನ ಪಾಲಿಗೆ 40ರಿಂದ 50. ಹರಿದ ಎಳೆಗಳನ್ನು ಕೂಡಿಸುವವನಿಗೂ ಯಂತ್ರ ರಿಪೇರಿಯ ಜಾಬರನಿಗೂ ಅದಕ್ಕಿಂತ ಹೆಚ್ಚು. ಒಬ್ಬೊಬ್ಬನ ಸರಹದ್ದು ಒಂದೊಂದು ಅಳತೆಯದಾದುದರಿಂದ ಯಾವ ಇಬ್ಬರ ಸರಹದ್ದೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ತನ್ನ ಮಗ್ಗದಲ್ಲಿ ಎಳೆ ಹರಿದಾಗ ನೇಕಾರನು ಯಾರ ದಾರಿ ಕಾಯಬೇಕೋ, ಆತನು ಆಗ ಮತ್ತೊಬ್ಬ ನೇಕಾರನ ಮಗ್ಗದಲ್ಲಿ ತೊಡಗಿರುತ್ತಿದ್ದ. ಪ್ರತಿಯೊಬ್ಬನಿಗೂ ತನ್ನ ಕೆಲಸವಿತ್ತು. ಬಟ್ಟೆ ಮಾತ್ರ ಯಾರದೂ ಆಗಿರಲಿಲ್ಲ.

ರೈಸನು ಸೂಚಿಸಿದ ಮಾರ್ಪಾಟು ಸರಳವಾದುದು. ಅರವತ್ತನಾಲ್ಕು ಮಗ್ಗಗಳನ್ನು ಏಳು ಜನರ ಒಂದು ಗುಂಪಿಗೆ ಒಟ್ಟಾಗಿ ಒಪ್ಪಿಸುವುದು. ಅಲ್ಲಿ ಇಳಿಯುವ ಬಟ್ಟೆಗೂ ಅದರ ಗುಣಕ್ಕೂ ಆ ಗುಂಪನ್ನೇ ಹೊಣೆಮಾಡುವುದು. ಒಳಗೆ ಯಾರು ಯಾರಿಗೆ ನೆರವಾಗಬೇಕೆಂಬುದನ್ನು ಅವರಿಗೇ ಬಿಡುವುದು. ಈ ಮಾತು ಕಿವಿಗೆ ಬಿದ್ದುದೇ ತಡ, ಶೆಡ್ಡಿನ ಕೆಲಸಗಾರರು ಅದನ್ನು ತಮ್ಮದಾಗಿ ಮಾಡಿಕೊಂಡು, ಮೇಲಿನವರ ಅಪ್ಪಣೆಗೆ ಕಾಯದೆ, ಯಾರು ಯಾರೊಡನೆ ಕೂಡಬೇಕೆಂದು ತಾವೇ ಗೊತ್ತುಮಾಡಿಕೊಂಡರೆಂದು ರೈಸನು ಆಶ್ಚರ್ಯದಿಂದ ಬರೆದಿದ್ದಾನೆ. ಮೊದಮೊದಲು ಏರುಪೇರುಗಳಿದ್ದರೂ, ಕೆಲಸ ನೆಲೆಗೊಂಡ ಮೇಲೆ ಮಗ್ಗಗಳ ದಕ್ಷತೆ ನೂರಕ್ಕೆ 80ರ ಸರಾಸರಿಯಿಂದ 95ಕ್ಕೆ ಏರಿತು. ದೋಷದ ಬಟ್ಟೆಯ ಪ್ರಮಾಣ ನೂರಕ್ಕೆ 32ರಿಂದ 20ಕ್ಕೆ ಇಳಿಯಿತು. ಯಂತ್ರ ಬದಲಾಗಲಿಲ್ಲ, ಉತ್ಸಾಹವನ್ನು ಕುರಿತು ಯಾರೂ ಉಪನ್ಯಾಸ ಮಾಡಲಿಲ್ಲ. ಕೆಲಸಕ್ಕೆ ಒಂದು ತಲೆ, ಒಂದು ಬುಡ, ಒಂದು ಒಡೆತನ ದೊರೆತವು, ಅಷ್ಟೆ.

ಆದರೆ ಈ ಕಥೆಯನ್ನು ಹೇಳಿ ಕೂಲಿಯ ಪ್ರಶ್ನೆಯನ್ನು ಮರೆಸಲೆಳಸುವವರು ಅದೇ ಊರಿನ ಇನ್ನೊಂದು ಕಥೆಯನ್ನು ನೆನೆಯುವುದು ಲೇಸು. 1918ರಲ್ಲಿ ಅಹಮದಾಬಾದಿನ ಗಿರಣಿ ಕೆಲಸಗಾರರು ನೂರಕ್ಕೆ 35ರಷ್ಟು ಕೂಲಿಯ ಏರಿಕೆಗಾಗಿ ಹೋರಾಡಿದಾಗ ಅವರ ಬೆನ್ನಿಗೆ ಗಾಂಧೀಜಿ ನಿಂತರು, ಉಪವಾಸವನ್ನೂ ಮಾಡಿದರು. ಗಿರಣಿ ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೆಲಸಗಾರರ ಪರವಾಗಿ ನಿಂತವರಲ್ಲಿ ಆತನ ಸ್ವಂತ ಅಕ್ಕ ಅನಸೂಯಾ ಬೆಹನ್ ಇದ್ದರು. ಆ ದಿನ ಹಸಿದಿದ್ದ ಕೆಲಸಗಾರನಿಗೆ ಕೆಲಸದ ಸಾರ್ಥಕತೆಯನ್ನು ಕುರಿತು ಯಾರಾದರೂ ಉಪದೇಶಿಸಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ಕೂಲಿಯ ಪ್ರಶ್ನೆಗೆ ಒಂದು ಮಟ್ಟಿನ ನ್ಯಾಯ ದೊರೆತ ಮೇಲೆಯೇ ಕೆಲಸದ ಸ್ವರೂಪದ ಪ್ರಶ್ನೆ ಮೇಲೆದ್ದಿತು. ಈ ಅನುಕ್ರಮವನ್ನು ತಪ್ಪಿಸಲಾಗದು. ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ಸುಮಾರು 200 ಮಂದಿ ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ವಿಚಾರಿಸಿ 1959ರಲ್ಲಿ ಪ್ರಕಟಿಸಿದ ಅಭಿಪ್ರಾಯವೂ ಇದಕ್ಕೆ ಹತ್ತಿರವಾದುದು: ಸಂಬಳ, ಮೇಲ್ವಿಚಾರಣೆ, ಕಛೇರಿಯ ನಿಯಮಗಳು ಇವು ಕೆಟ್ಟರೆ ಮನಸ್ಸು ಕೆಡುತ್ತದೆ, ಸರಿಯಾಗಿದ್ದ ಮಾತ್ರಕ್ಕೆ ಮನಸ್ಸು ಅರಳುವುದಿಲ್ಲ, ಅರಳಿಸುವವು ಸಾಧಿಸಿದ ತೃಪ್ತಿ, ಮನ್ನಣೆ, ಹೊಣೆ, ಕೆಲಸದ ಸ್ವಾರಸ್ಯ. ಒಳ್ಳೆಯದಕ್ಕೆ ತನ್ನನ್ನೂ ಕೆಟ್ಟುದಕ್ಕೆ ಪರರನ್ನೂ ಕಾರಣವೆನ್ನುವುದು ಮನುಷ್ಯಸ್ವಭಾವವಾದುದರಿಂದ ಆತನ ವಿಚಾರಣೆಯ ಕ್ರಮವೇ ಸರಿಯಲ್ಲವೆಂದು ಆಕ್ಷೇಪಿಸಿದವರೂ ಉಂಟು. ಆಕ್ಷೇಪಕ್ಕೆ ಬಲವಿದೆ, ಆದರೂ ಇನ್‌ಕ್ರಿಮೆಂಟು ಬಂದ ತಿಂಗಳ ಉತ್ಸಾಹವು ಮುಂದಿನ ತಿಂಗಳ ತನಕ ಉಳಿಯದೆಂಬುದನ್ನು ನಮ್ಮ ಕಛೇರಿಗಳಲ್ಲಿ ಯಾರೂ ಅಲ್ಲಗಳೆಯಲಾರರು.

ಸಂಬಳದಿಂದ ಆಗದುದನ್ನು ಉಪದೇಶದಿಂದ ಸಾಧಿಸುವೆವೆಂಬ ಆಸೆ ನಮ್ಮವರಲ್ಲಿ ಪ್ರಬಲವಾಗಿದೆ. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿಸಿದ ಕೆಂಗಲ್ ಹನುಮಂತಯ್ಯನವರ ಆಶಯ ಉದಾತ್ತವಾದುದು. ಆದರೆ ಶಿಲೆಯ ಮೇಲಿನ ಅಕ್ಷರಕ್ಕೂ ಒಳಗಿನ ಫೈಲಿಗೂ ನಡುವಣ ಅಂತರವು ಬರೆಸಿದ ಮಾತ್ರಕ್ಕೆ ಕಡಿಮೆಯಾಗುವಂತಹುದಲ್ಲ. ನೌಕರರ ಸಭೆಗಳಲ್ಲಿ ಕಾಯಕತತ್ವವನ್ನು ಉದಾಹರಿಸುವುದೂ ವಾಡಿಕೆಯಾಗಿದೆ. ಹೀಗೆ ಉದಾಹರಿಸುವವರು ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ವೃತ್ತಾಂತವನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಹಿಂದಿರುಗಿಸೆಂದವಳು ಅವನ ಸಹಕಾಯಕಿಯಾದ ಹೆಂಡತಿ. ಮೇಲಿನ ಅಧಿಕಾರಿಯಾಗಲಿ ಧಣಿಯಾಗಲಿ ಅಲ್ಲ. ಕಾಯಕವನ್ನು ಕೈಕೊಂಡವರು ತಮ್ಮ ದುಡಿಮೆಗೆ ತಾವೇ ಕಂಡುಕೊಂಡ ಅರ್ಥ ಅದು. ಅದರ ಇನ್ನೊಂದು ಮುಖವಾದ ದಾಸೋಹದಲ್ಲಿ, ಬಂದ ಫಲವನ್ನು ಹಂಚುವ ಕರ್ತವ್ಯವೂ ಸೇರಿದೆ. ಫಲದ ಪಾಲನ್ನೂ ತೀರ್ಮಾನದ ಅಧಿಕಾರವನ್ನೂ ತನ್ನಲ್ಲಿಯೇ ಇರಿಸಿಕೊಂಡು, ಕಾಯಕದ ಮಹಿಮೆಯನ್ನು ಮಾತ್ರ ಕೆಳಗಿನವನಿಗೆ ಬೋಧಿಸುವ ಮೇಲಧಿಕಾರಿಯು ಆ ತತ್ವದ ಅರ್ಧವನ್ನು ಕದ್ದಂತಾಗುತ್ತದೆ.

ಹಾಗಾದರೆ ಮೇಲಧಿಕಾರಿಯು ಮಾಡತಕ್ಕದ್ದೇನು? ಮೊದಲನೆಯದಾಗಿ, ಹೊರಗೆ ಒಂದೇ ತೆರನಾಗಿ ಕಾಣುವ ನಿರುತ್ಸಾಹದ ಒಳಗಿನ ಭೇದಗಳನ್ನು ಗುರುತಿಸುವುದು. ಒಬ್ಬನಿಗೆ ಕೆಲಸವನ್ನು ಯಾರೂ ಸರಿಯಾಗಿ ಕಲಿಸಿರುವುದಿಲ್ಲ. ತಿಳಿಯದೆಂದು ಹೇಳಿಕೊಳ್ಳುವ ನಾಚಿಕೆಗಿಂತ ಬೇಡವೆಂಬ ಸೋಗು ಹಗುರವಾದುದರಿಂದ ಆತನು ಅದನ್ನು ತೊಟ್ಟಿರುತ್ತಾನೆ. ಇನ್ನೊಬ್ಬನಿಗೆ ಕೆಲಸವು ಅತಿಯಾಗಿ ತಿಳಿದುಹೋಗಿರುತ್ತದೆ; ವರ್ಷಗಟ್ಟಲೆ ಅದೇ ರಿಜಿಸ್ಟರನ್ನು ತುಂಬಿದವನಿಗೆ ಅದರಲ್ಲಿ ಹೊಸದಾಗಿ ಕಾಣುವುದೇನೂ ಉಳಿದಿರುವುದಿಲ್ಲ. ಮೂರನೆಯವನಿಗೆ ಅನ್ಯಾಯವಾಗಿರುತ್ತದೆ, ಸಲ್ಲಬೇಕಾದ ಬಡ್ತಿ ಬೇರೆಯವರಿಗೆ ಸಂದಿರುತ್ತದೆ, ಇಲ್ಲವೆ ಆತನು ಸಿದ್ಧಪಡಿಸಿದ ವರದಿ ಮೇಲಿನವರ ಹೆಸರಿನಲ್ಲಿ ಹೋಗಿರುತ್ತದೆ. ನಾಲ್ಕನೆಯವನ ಮನೆಯಲ್ಲಿ ಕಾಯಿಲೆಯೋ ಸಾಲವೋ ಇದ್ದು, ಕಛೇರಿಗೆ ಬರುವಾಗಲೇ ಆತನ ತ್ರಾಣವೆಲ್ಲ ಮುಗಿದಿರುತ್ತದೆ. ಮೊದಲನೆಯವನಿಗೆ ಬೇಕಾದುದು ತಾಳ್ಮೆಯ ಶಿಕ್ಷಣ, ಎರಡನೆಯವನಿಗೆ ಕಠಿನತರವಾದ ಕೆಲಸ, ಮೂರನೆಯವನಿಗೆ ನ್ಯಾಯ, ನಾಲ್ಕನೆಯವನಿಗೆ ಕೆಲವು ದಿನಗಳ ಬಿಡುವು ಮತ್ತು ಅನುಕಂಪ. ನಾಲ್ವರನ್ನೂ ಒಂದೇ ರೆಸಾರ್ಟಿಗೆ ಕರೆದುಕೊಂಡು ಹೋಗಿ ಹಗ್ಗ ಜಗ್ಗಿಸಿ ಕರೆತಂದರೆ ಯಾರ ಬೇನೆಯೂ ಕಡಿಮೆಯಾಗುವುದಿಲ್ಲ.

ಈ ಭೇದವು ತಿಳಿಯಬೇಕಾದರೆ ಕೇಳಬೇಕು. ಕೇಳುವುದಕ್ಕೂ ಒಂದು ಕ್ರಮವುಂಟು. “ಏನ್ರೀ, ಇತ್ತೀಚೆಗೆ ನಿಮಗೆ ಕೆಲಸದ ಮೇಲೆ ಲಕ್ಷ್ಯವೇ ಇಲ್ಲವಲ್ಲ” ಎಂದು ಆರಂಭಿಸಿದರೆ, “ಹಾಗೇನಿಲ್ಲ ಸಾರ್” ಎಂಬ ಉತ್ತರದೊಡನೆ ಸಂಭಾಷಣೆ ಮುಗಿಯುತ್ತದೆ. “ಈ ಫೈಲು ನಿಮ್ಮ ಮೇಜಿಗೆ ಬರುವುದಕ್ಕೆ ಮುಂಚೆ ಎಲ್ಲೆಲ್ಲಿ ನಿಲ್ಲುತ್ತದೆ, ಹೇಳಿ, ನಿಮಗೇ ಬಿಟ್ಟರೆ ಇದರಲ್ಲಿ ಏನನ್ನು ತೆಗೆದುಹಾಕುತ್ತೀರಿ?” ಎಂದು ಕೇಳಿದರೆ, ವರ್ಷಗಳಿಂದ ಮೌನವಾಗಿದ್ದವನೂ ಮಾತನಾಡುತ್ತಾನೆ, ಏಕೆಂದರೆ ಅಲ್ಲಿ ವಿಚಾರಣೆಗೆ ಗುರಿಯಾಗಿರುವುದು ಕೆಲಸ, ತಾನಲ್ಲವೆಂಬುದು ಆತನಿಗೆ ಅರಿವಾಗುತ್ತದೆ. ಹೀಗೆ ಕೇಳಿದ ಮೇಲೆ ಹೇಳಿದುದರಲ್ಲಿ ಒಂದನ್ನಾದರೂ, ಎಷ್ಟೇ ಅಲ್ಪವಾದುದಾಗಿರಲಿ, ಬೇಗನೆ ಸರಿಪಡಿಸಬೇಕು. ಆಗದುದನ್ನು ಏಕೆ ಆಗದೆಂದು ತಿಳಿಸಬೇಕು. ಕೇಳಿಸಿಕೊಂಡು ಏನನ್ನೂ ಮಾಡದಿರುವುದು ಕೇಳದೆ ಇರುವುದಕ್ಕಿಂತಲೂ ಕೆಡುಕು.

ಮತ್ತೊಂದು ಉಪಾಯವೆಂದರೆ ಕೆಲಸದ ಫಲವನ್ನು ಕೆಲಸಗಾರನ ಕಣ್ಣಿಗೆ ತೋರಿಸುವುದು. ತಾಲ್ಲೂಕು ಕಛೇರಿಯಲ್ಲಿ ವೃದ್ಧಾಪ್ಯ ವೇತನದ ಅರ್ಜಿಗಳನ್ನು ಪರಿಶೀಲಿಸುವ ಗುಮಾಸ್ತನಿಗೆ ಅರ್ಜಿಯ ಸಂಖ್ಯೆ ಕಾಣುತ್ತದೆ, ಅರ್ಜಿದಾರಳಾದ ಮುದುಕಿ ಕಾಣುವುದಿಲ್ಲ. ತಿಂಗಳಿಗೊಮ್ಮೆಯಾದರೂ ಹೋಬಳಿಗೆ ಹೋಗಿ ಮಂಜೂರಾತಿಯ ಆಜ್ಞೆಯನ್ನು ತನ್ನ ಕೈಯಿಂದಲೇ ಕೊಡುವ ಅವಕಾಶವನ್ನು ಆತನಿಗೆ ಒದಗಿಸಿದರೆ, ಮರುದಿನ ಆ ಕಾಗದಗಳನ್ನು ಆತನು ಓದುವ ಬಗೆಯೇ ಬೇರೆಯಾದೀತು. ಬಹುಮಾನಗಳ ವಿಷಯದಲ್ಲಿ ಎಚ್ಚರ ಅಗತ್ಯ. ಎಡ್ವರ್ಡ್ ಡೆಸಿ ಎಂಬಾತನು 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸುವ ಆಟಕ್ಕಾಗಿ ಹಣ ಪಡೆದ ವಿದ್ಯಾರ್ಥಿಗಳು, ಹಣ ನಿಂತ ಮೇಲೆ, ಬಿಡುವಿನ ವೇಳೆಯಲ್ಲಿ ಆ ಆಟಕ್ಕೆ ಮೊದಲಿನಷ್ಟು ಹೊತ್ತು ಕೊಡಲಿಲ್ಲ. ಪ್ರೀತಿಯಿಂದ ಮಾಡುತ್ತಿದ್ದುದಕ್ಕೆ ಬೆಲೆಯ ಚೀಟಿ ಅಂಟಿಸಿದರೆ, ಬೆಲೆ ಹೋದಾಗ ಪ್ರೀತಿಯೂ ಹೋಗುವ ಅಪಾಯವಿದೆ.

ಇಲ್ಲಿ ಎರಡು ಆಕ್ಷೇಪಗಳು ಬರತಕ್ಕವು. ಕೆಲವು ಕೆಲಸಗಳು ಸ್ವಭಾವತಃ ನೀರಸವಾದವು, ಹೊಲಸಾದವು; ಅವುಗಳಲ್ಲಿ ಅರ್ಥವನ್ನು ಎಲ್ಲಿಂದ ತರುವುದೆಂಬುದು ಒಂದು. ಬೆಳಗಿನ ಜಾವದಲ್ಲಿ ಬೀದಿ ಗುಡಿಸುವ ಪೌರಕಾರ್ಮಿಕಳ ಮುಂದೆ ಆಕೆಯ ಕೆಲಸದ ಘನತೆಯನ್ನು ವರ್ಣಿಸುವುದಕ್ಕಿಂತ, ಆಕೆಯ ನೌಕರಿಯನ್ನು ಖಾಯಂ ಮಾಡುವುದು, ಕೈಗವಸನ್ನೂ ಶೌಚಾಲಯವನ್ನೂ ಒದಗಿಸುವುದು, ಕೂಲಿಯನ್ನು ತಪ್ಪದೆ ಕೊಡುವುದು ಮೇಲು. ಎಲ್ಲ ಕೆಲಸವೂ ಆನಂದದಾಯಕವಾಗಲಾರದು. ಆದರೆ ಯಾವ ಕೆಲಸವೂ ಅವಮಾನಕರವಾಗದಂತೆ ನೋಡಿಕೊಳ್ಳುವುದು ಸಾಧ್ಯ. ಎರಡನೆಯ ಆಕ್ಷೇಪವು, ಎಷ್ಟು ಹೂಳೆತ್ತಿದರೂ ದುಡಿಯದವನು ಇದ್ದೇ ಇರುತ್ತಾನೆಂಬುದು. ನಿಜ. ಅಂತಹವನನ್ನು ಸಹಿಸುವುದು ಔದಾರ್ಯವೆನಿಸದು. ಆತನ ಪಾಲಿನ ಹೊರೆ ಹೊರುವ ಪಕ್ಕದವನಿಗೆ ಅದು ಅನ್ಯಾಯ, ಮತ್ತು ಒಳ್ಳೆಯ ಕೆಲಸಗಾರರ ಮನಸ್ಸನ್ನು ಕೆಡಿಸುವುದರಲ್ಲಿ ಇಂತಹ ಅನ್ಯಾಯಕ್ಕೆ ಸಮನಾದುದು ಇನ್ನೊಂದಿಲ್ಲ. ಆದರೆ ಶಿಸ್ತಿನ ಕ್ರಮವು ನ್ಯಾಯವೆನಿಸಬೇಕಾದರೆ, ಏರ್ಪಾಡಿನ ದೋಷವನ್ನು ಮೊದಲು ತಿದ್ದಿರಬೇಕು. ಕೊನೆಗೆ ತೆಗೆಯಬೇಕಾದ ಆಯುಧವನ್ನು ಮೊದಲಿಗೇ ತೆಗೆಯುವುದು ಮೇಲಧಿಕಾರಿಯ ಸೋಮಾರಿತನ.

ಮೇಲಧಿಕಾರಿಯೂ ಒಬ್ಬ ನೌಕರನೇ, ಆತನ ಕೈಗಳೂ ಕಟ್ಟಿರುತ್ತವೆ ಎಂಬುದನ್ನು ಒಪ್ಪಬೇಕು. ಕ್ಯಾಲಿಕೊ ಗಿರಣಿಗಳನ್ನು ಎರಿಕ್ ಮಿಲ್ಲರ್ ಎಂಬಾತನು 1970ರಲ್ಲಿ ಮತ್ತೆ ಹೋಗಿ ನೋಡಿದಾಗ, ಗುಂಪುಗಳ ಏರ್ಪಾಡು ಕೆಲವೆಡೆ ಅಚ್ಚಳಿಯದೆ ಉಳಿದಿತ್ತು, ಕೆಲವೆಡೆ ಹಳೆಯ ರೀತಿಗೆ ಜಾರಿಹೋಗಿತ್ತು. ಮಾರುಕಟ್ಟೆಯ ಒತ್ತಡ, ಕಚ್ಚಾಮಾಲಿನ ಏರುಪೇರು, ಮೇಲಿನವರ ಅವಸರ ಇವು ಗುಂಪಿನ ಒಳಕ್ಕೆ ನುಗ್ಗದಂತೆ ಅಡ್ಡನಿಂತು ಕಾಯುವವರು ಇದ್ದಲ್ಲಿ ಮಾತ್ರ ಇಂತಹ ಏರ್ಪಾಡು ಬಾಳುತ್ತದೆ. ಮೇಲಧಿಕಾರಿಯ ನಿಜವಾದ ಉದ್ಯೋಗ ಈ ಕಾವಲು. ತನ್ನ ಮೇಲಿನವರಿಂದ ಬಂದ ಗದರಿಕೆಯನ್ನು ಹಾಗೆಯೇ ಕೆಳಕ್ಕೆ ದಾಟಿಸುವುದಕ್ಕೆ ಅಧಿಕಾರಿ ಬೇಕಾಗಿಲ್ಲ, ಜವಾನನಿದ್ದರೆ ಸಾಕು.

ಕಡೆಯದಾಗಿ, ಹಕ್ಕಿನ ಪ್ರಶ್ನೆಯೊಂದುಂಟು. ಸಂಬಳ ಕೊಡುವವನಿಗೆ ಒಪ್ಪಿದ ಹೊತ್ತಿನ, ಒಪ್ಪಿದ ಗುಣದ ಕೆಲಸವನ್ನು ಕೇಳುವ ಹಕ್ಕಿದೆ. ನಗುಮುಖವನ್ನೂ ಭಕ್ತಿಯನ್ನೂ ಕೇಳುವ ಹಕ್ಕಿಲ್ಲ. ಸಂಸ್ಥೆಯನ್ನು ಕುಟುಂಬವೆಂದು ಕರೆದು, ರಾತ್ರಿಯ ಹೊತ್ತನ್ನೂ ಭಾನುವಾರವನ್ನೂ ಪ್ರೀತಿಯ ಹೆಸರಿನಲ್ಲಿ ಪಡೆದು, ನಷ್ಟದ ವರ್ಷದಲ್ಲಿ ಒಂದು ಇ-ಮೇಲಿನಿಂದ ಸಂಬಂಧ ಕಡಿದುಕೊಳ್ಳುವ ರೂಢಿಯನ್ನು ಕಂಡವರು ತಮ್ಮ ಉತ್ಸಾಹವನ್ನು ಅಳೆದು ಕೊಟ್ಟರೆ ಅದನ್ನು ತಪ್ಪೆನ್ನಲಾಗದು. ಒಪ್ಪಂದದ ಕೆಲಸಕ್ಕಿಂತ ಹೆಚ್ಚಾಗಿ ನೌಕರನು ಕೊಡುವುದೆಲ್ಲ ದಾನ. ದಾನವನ್ನು ಆಜ್ಞಾಪಿಸಿ ಪಡೆಯಲು ಬಾರದು, ದಾನಕ್ಕೆ ಪಾತ್ರನಾಗಬಹುದು, ಅಷ್ಟೆ. ಆದುದರಿಂದ, ತನ್ನವರಲ್ಲಿ ಉತ್ಸಾಹವಿಲ್ಲವೆನ್ನುವ ಅಧಿಕಾರಿಯು ನೌಕರರ ಗುಣದೋಷಗಳ ಪಟ್ಟಿಯನ್ನು ತಯಾರಿಸುವುದಕ್ಕೆ ಮುಂಚೆ, ಅವರು ಯಾವುದನ್ನು ತಾವೇ ತೀರ್ಮಾನಿಸಬಹುದು, ಯಾವ ಫಲವನ್ನು ಕಣ್ಣಾರೆ ಕಾಣಬಹುದು, ಯಾರ ಮಾತನ್ನು ನಂಬಬಹುದು ಎಂಬ ಮೂರು ಪ್ರಶ್ನೆಗಳಿಗೆ ತನ್ನ ಕೈಯಿಂದಲೇ ಉತ್ತರ ಬರೆಯಲಿ. ಮೂರಕ್ಕೂ ಉತ್ತರ ಶೂನ್ಯವಾದರೆ, ಅವರಲ್ಲಿ ಕಂಡುಬಂದ ನಿರುತ್ಸಾಹವು ಅವರ ವಿವೇಕಕ್ಕೆ ಸಾಕ್ಷಿಯೆಂದು ತಿಳಿದು, ತಿದ್ದುವ ಕೆಲಸವನ್ನು ತನ್ನ ಮೇಜಿನಿಂದಲೇ ಮೊದಲುಮಾಡತಕ್ಕದ್ದು.